ಜಪಾನ್ ದೇವರ ಪಾದಗಟ್ಟಿ

ಆ ದಿನ ಬಸಗೊಂಡನ ಮನೆಯಲ್ಲಿ ಹಸಿಮೆಣಸಿನಕಾಯಿ ಖಾಲಿಯಾಗದೆ ಇದ್ದಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ. ಮುಚ್ಚಂಡಿಯಿಂದ ಬೀಗರಾಗಲಿರುವವರು ಸನಮಡಿಗೆ ಮನೆ ನೋಡಲು ಬಂದು ಪಡಸಾಲೆಯ ಜಮಖಾನದ ಮೇಲೆ ಕೂತಿದ್ದರು. ಒಳಗೆ ಬಸಗೊಂಡನ ತಾಯಿ ಶಿವಲಿಂಗವ್ವ ಚುರಮುರಿ ತೋಯಿಸಿ, ಉಳ್ಳಾಗಡ್ಡಿ ಹೆಚ್ಚಿ, ಒಗ್ಗರಣೆಗೆ ಎಣ್ಣೆ ಇಟ್ಟು ನೋಡುತ್ತಾಳೆ, ಮೆಣಸಿನಕಾಯಿ ಇಲ್ಲ. ಹಿತ್ತಲ ಬಾಗಿಲಿನಿಂದ ನೆರೆಮನೆಗೆ ಓಡಿದಳು. ಸುಸಲಾ ತಡವಾಯಿತು. ಬಾಯಿಗೆ ತಿನ್ನುವ ಕೆಲಸ ಇಲ್ಲದಿದ್ದಾಗ ಮಾತಾಡುವ ಕೆಲಸ ಬರುತ್ತದೆ. ಆ ಕೆಲಸವನ್ನು ನೆರೆಮನೆಯ ಅಪ್ಪಾಸಾಬ ಯಾರೂ ಹೇಳದೆ ತಾನೇ ಮೈಮೇಲೆ ಹಾಕಿಕೊಂಡ.

ಅಪ್ಪಾಸಾಬ ಕೆಟ್ಟವನಲ್ಲ. ಯಾರ ಮನೆಯಲ್ಲಿ ಕಾರ್ಯವಿದ್ದರೂ ಕರೆಯುವ ಮೊದಲೇ ಬಂದು ನಿಲ್ಲುವ ಮನುಷ್ಯ. ಈ ಸಂಬಂಧವನ್ನು ಹುಡುಕಿ ತಂದವನೂ ಅವನೇ. ಹೀಗಾಗಿ ಇದು ಕೂಡಿ ಬರಬೇಕೆಂಬ ಆತುರ ಗಂಡಿಗಿಂತ ಅವನಿಗೇ ಒಂದು ತೂಕ ಹೆಚ್ಚಾಗಿತ್ತು. ಹಾಗೆಂದು ಗಂಡಿನ ಆತುರ ಕಡಿಮೆಯದೇನಲ್ಲ. ಹೋದ ವಾರ ಹುಡುಗಿ ನೋಡಲು ಹೋದಾಗ ಸಾವಿತ್ರಿ ಚಹಾ ತಂದು ಕೊಟ್ಟಿದ್ದಳು. ಬಸಗೊಂಡ ಕಪ್ಪು-ಬಸಿಯನ್ನು ಸೊಟ್ಟಗೆ ಹಿಡಿದು ಅಷ್ಟೂ ಚಹಾವನ್ನು ಹೊಸ ಧೋತರದ ಮೇಲೆ ಸುರಿದುಕೊಂಡ. ಹುಡುಗಿ ಸೆರಗು ಅಡ್ಡ ಹಿಡಿದು ನಕ್ಕಳು. ಆ ನಗು ಅಂದಿನಿಂದ ಅವನ ಬೆನ್ನು ಬಿಟ್ಟಿರಲಿಲ್ಲ. ಎತ್ತು ಹೂಡುವಾಗಲೂ ಅದೇ ನಗು, ಬಾವಿಯಲ್ಲಿ ಕೊಡ ಇಳಿಬಿಟ್ಟಾಗಲೂ ಅದೇ ನಗು. ಈ ಮದುವೆ ಆಗದಿದ್ದರೆ ತನಗೆ ಇನ್ನು ಊಟ ರುಚಿಸುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿ ಹೋಗಿತ್ತು.

ಇಂದು ಮನೆ ಮನಸ್ಸಿಗೆ ಬಂದರೆ ಇಲ್ಲಿಯೇ ಸಕ್ಕರೆ ತಿಂದು ಮದುವೆ ನಿಶ್ಚಯ ಮಾಡುವುದೆಂದು ಮಾತಾಗಿತ್ತು. ಹುಡುಗಿಯ ತಂದೆ ಅಣ್ಣಾರಾಯ ಕಡಿಮೆ ಮಾತಿನ ಮನುಷ್ಯ. ಅವನ ಷರತ್ತು ಒಂದೇ. "ಹೊಲಾ ಕಡಿಮಿ ಇದ್ರೂ ನಡೀತೈತಿ, ಮನಿ ಸೋರಿದ್ರೂ ನಡೀತೈತಿ. ಸುಳ್ಳ ಹೇಳಾಂವ ನಡಿಯಂಗಿಲ್ಲ" ಎಂದು ಮೊದಲೇ ಹೇಳಿ ಕಳಿಸಿದ್ದ. ಇದು ಬಾಯಿಮಾತಲ್ಲ. ಹಿಂದೆ ಒಬ್ಬ ವರ ಒಂದು ಎಮ್ಮೆ ಇದ್ದದ್ದನ್ನು ಎರಡು ಎಂದದ್ದಕ್ಕೆ ಅವನು ಉಂಡ ಕೈ ತೊಳೆಯದೆ ಎದ್ದು ಬಂದಿದ್ದ. ಅಣ್ಣಾರಾಯನ ಜೊತೆಗೆ ಅವನ ಅಕ್ಕ ಕಾಳವ್ವ ಬಂದಿದ್ದಳು. ವರ್ಷಾ ವರ್ಷ ಶ್ರೀಶೈಲಕ್ಕೆ ನಡೆದು ಹೋಗುವ ಹೆಂಗಸು. ಯಾವ ದೇವರಿಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದರಲ್ಲಿ ಅವಳ ಮಾತೇ ಕೊನೆ. ತಮ್ಮನಿಗೂ ಅವಳೆಂದರೆ ಸಣ್ಣ ಅಂಜಿಕೆ ಇತ್ತು.

"ಹುಡುಗ ಸಾದಾ ಅಲ್ರಿ ಅಣ್ಣಾರಾಯರ" ಎಂದು ಅಪ್ಪಾಸಾಬ ಶುರು ಮಾಡಿದ. "ಫೌಜಿನ್ಯಾಗ ಇದ್ದು ಜಪಾನ್ ತನಕಾ ಹೋಗಿ ಬಂದಾನ್ರಿ. ಅಲ್ಲಿ ಗುಡ್ಡದ ಮ್ಯಾಲೊಂದು ದೇವರು. ಗಾಡಿ ಇಲ್ಲ, ಏನಿಲ್ಲ. ಹೊತ್ತು ಹುಟ್ಟೂದ್ರಾಗ ಹೊಂಟು ಮಧ್ಯಾನದ ಮಟಾ ನಡಕೋತ ಹೋಗಿ ದರ್ಶನ ಮಾಡ್ಯಾನ್ರಿ."

ಕಾಳವ್ವ ಗೋಡೆ ಬಿಟ್ಟು ಮುಂದೆ ಸರಿದಳು.

"ನಡಕೋತ ಹೋದ್ಯಾ? ಬೇಷ್. ಏನ ಬೇಡಿಕೊಂಡಿ, ತಮ್ಮಾ?"

"ನಾ ಹೇಳ್ತೀನ್ರಿ ಅಕ್ಕಾರ" ಎಂದ ಅಪ್ಪಾಸಾಬ. ಬಸಗೊಂಡನಿಗೆ ಬಾಯಿ ತೆರೆಯಲು ಎಡೆಯೇ ಸಿಗಲಿಲ್ಲ. "ಸುಖರೂಪ ನಮ್ಮೂರಿಗೆ ಮುಟ್ಟಿಸಿದ್ರ ಮತ್ತೊಮ್ಮಿ ನಡಕೋತ ಬಂದು ನಿನ್ನ ಘಂಟಿ ಬಾರಸ್ತೀನಿ ಅಂತ ಬೇಡಿಕೊಂಡಿದ್ನಂತ್ರಿ. ದೇವರು ಮುಟ್ಟಿಸಿತು ನೋಡ್ರಿ."

"ಮತ್ತ ಹೋಗಿ ಘಂಟಿ ಬಾರಿಸಿ ಬಂದ್ಯಾ?" ಎಂದು ಕಾಳವ್ವ ಕೇಳಿದಳು.

ಬಸಗೊಂಡ ಜಮಖಾನದ ಒಂದು ಎಳೆಯನ್ನು ಹಿಡಿದು ಎಳೆಯತೊಡಗಿದ.

ನಿಜ ಹೇಳಬೇಕೆಂದರೆ ಬಸಗೊಂಡ ಜಪಾನಿಗೆ ಹೋದದ್ದು ಖರೆ. ದೊಡ್ಡ ಲಡಾಯಿ ಮುಗಿದ ಮೇಲೆ ಸೋತ ಜಪಾನನ್ನು ಕಾಯಲು ಹೋದ ಪಲ್ಟನ್ನುಗಳ ಜೊತೆ ಅವನೂ ಹಡಗು ಹತ್ತಿದ್ದ. ಆದರೆ ಅಲ್ಲಿ ಅವನ ಕೆಲಸ ಅಡಿಗೆಮನೆಯಲ್ಲಿ ಬಟಾಟಿ ಸುಲಿಯುವುದು. ಜಪಾನಿನಲ್ಲಿ ಅವನು ಕಣ್ಣಾರೆ ಕಂಡ ಗುಡ್ಡವೆಂದರೆ ಬಟಾಟಿಯ ಗುಡ್ಡ, ಅದೂ ದಿನಾ ಹೊಸದು. ಅದೇ ಪಲ್ಟನ್ನಿನಲ್ಲಿ ದರಿಬಡಚಿಯ ದಿಲಾವರ ಲಾರಿ ತೊಳೆಯುತ್ತಿದ್ದ. ಒಂದು ರವಿವಾರ ಸಂಜೆ ಅವನು ಬಂದು ಬಟಾಟಿ ಬುಟ್ಟಿಯ ಪಕ್ಕದಲ್ಲಿ ಕೂತು ಗುಡ್ಡದ ಗುಡಿಯ ಕತೆಯನ್ನೆಲ್ಲ ಹೇಳಿದ. ಕೆಂಪು ಬಣ್ಣದ ಬಾಗಿಲುಗಂಬ, ಅದರ ಎಡಬಲಕ್ಕೆ ಕೊರಳಿಗೆ ಕೆಂಪು ಅರಿವೆ ಕಟ್ಟಿದ ಕಲ್ಲಿನ ನರಿಗಳು, ಕಟ್ಟಿಗೆಯ ಸೌಟಿನಿಂದ ಕೈಬಾಯಿ ತೊಳೆಯುವುದು, ಹಗ್ಗ ಜಗ್ಗಿ ಗಂಟೆ ಬಾರಿಸುವುದು, ಬಗ್ಗಿ ಚಪ್ಪಾಳೆ ತಟ್ಟುವುದು. ಬಸಗೊಂಡ ಬಾಯಿ ಬಿಟ್ಟುಕೊಂಡು ಕೇಳಿದ್ದ.

ಊರಿಗೆ ಬಂದ ಮೇಲೆ ಕಟ್ಟೆಯ ಮೇಲಿನ ಜನ "ಜಪಾನಿನ್ಯಾಗ ಏನೇನ ನೋಡಿದಿ?" ಎಂದರೆ ಬಟಾಟಿ ಎಂದು ಹೇಳಲಾದೀತೆ? ದಿಲಾವರನ ಕತೆಯಿಂದ ದಿಲಾವರನನ್ನು ಎಬ್ಬಿಸಿ ತಾನು ಕೂತುಕೊಂಡ. ದೇವರ ದರ್ಶನ ಮಾಡಿದೆ ಎಂದರೆ ನಮ್ಮ ಕಡೆಯವರು ಕೇಳುವ ಮೊದಲ ಮಾತೇ ಏನು ಬೇಡಿಕೊಂಡಿ ಎಂದು. ಏನೂ ಇಲ್ಲ ಎಂದರೆ ಅಷ್ಟು ದೂರ ನಡೆದವನನ್ನು ಹುಚ್ಚ ಎನ್ನುತ್ತಾರೆ. ಅದಕ್ಕೇ ಒಂದು ಹರಕೆಯನ್ನೂ ಜೋಡಿಸಿದ. ದೇವರು ಸಮುದ್ರದ ಆಚೆ ಇದೆ, ಕೇಳಲು ಯಾರು ಬರುತ್ತಾರೆ ಎಂಬ ಧೈರ್ಯ ಆಗ ಅವನಿಗಿತ್ತು.

ಈಗ ಕಾಳವ್ವ ಕೇಳಲು ಬಂದು ಕೂತಿದ್ದಳು.

"ಇನ್ನಾ ಹೋಗಿಲ್ರಿ" ಎಂದ ಬಸಗೊಂಡ.

ಅದೇ ಹೊತ್ತಿಗೆ ಶಿವಲಿಂಗವ್ವ ಸುಸಲಾದ ತಾಟುಗಳನ್ನು ತಂದು ಇಟ್ಟಳು. ಮೇಲೆ ಪುಠಾಣಿ ಹಿಟ್ಟು, ಹಸಿ ಕೊಬ್ಬರಿ, ಮತ್ತು ಹೊತ್ತು ಮೀರಿ ಬಂದ ಹಸಿಮೆಣಸಿನಕಾಯಿ. ಕಾಳವ್ವ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು.

"ತಪ್ಪ ತಿಳೀಬ್ಯಾಡ ಶಿವಲಿಂಗವ್ವಾ. ಹರಕಿ ಬಾಕಿ ಇದ್ದ ಮನ್ಯಾಗ ನಾವು ಸಕ್ಕರಿ ತಿನ್ನಂಗಿಲ್ಲ. ದೇವರದ ತೀರಿಸಲಾರದ ಮದುವಿ ಮಾಡಿದ್ರ ಆ ಸಿಟ್ಟು ಬರೂದು ಹೊಸಾ ಸೊಸಿ ಮ್ಯಾಲ."

ಶಿವಲಿಂಗವ್ವ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಹಿಡಿದುಕೊಂಡೇ ನಿಂತಳು. ಬಸಗೊಂಡ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೋಗಿಯೇ ಇಲ್ಲ ಎಂದು ಹೇಳಿದರೆ ಅಣ್ಣಾರಾಯ ಈಗಲೇ ಏಳುತ್ತಾನೆ. ಹೋಗಿದ್ದೆ ಎಂದರೆ ಕಾಳವ್ವ ಏಳುತ್ತಾಳೆ. ಎರಡೂ ಕಡೆಗೆ ಸಾವಿತ್ರಿ ಕೈಬಿಟ್ಟು ಹೋಗುತ್ತಾಳೆ. ನಡುವೆ ಎಲ್ಲಾದರೂ ಸಣ್ಣ ಸಂದಿ ಇದ್ದೀತೆ ಎಂದು ತಡಕಾಡಿದ.

"ಅತ್ಯಾರ, ಅದು ಪರದೇಶದ ದೇವರ್ರಿ. ಅದಕ್ಕ ನಮ್ಮ ಸುದ್ದಿ ಹೆಂಗ ತಿಳಿದೀತು?"

"ಶ್ರೀಶೈಲದಾಗ ಕುಂತ ಮಲ್ಲಯ್ಯಗ ಮುಚ್ಚಂಡಿ ಸುದ್ದಿ ತಿಳೀತೈತಿ. ಜಪಾನಿನ ದೇವರಿಗೇನು ಕಣ್ಣ ಇಲ್ಲೇನು?" ಎಂದಳು ಕಾಳವ್ವ.

ತನ್ನ ನಾಲಿಗೆಯಿಂದ ಸಂಬಂಧ ಕೆಡುತ್ತಿರುವುದು ಅಪ್ಪಾಸಾಬನಿಗೆ ತಿಳಿಯಿತು. ಅವನು ಹೊರಗೆ ಓಡಿ ಗುಡಿಯ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಗುರುಲಿಂಗಪ್ಪಜ್ಜನನ್ನು ಕೈಹಿಡಿದು ಎಳೆದುಕೊಂಡು ಬಂದ. ಊರಿನಲ್ಲಿ ಯಾವುದೇ ಶಾಸ್ತ್ರದ ತೊಡಕು ಬಂದರೂ ಅದನ್ನು ಬಿಡಿಸುವವನು ಈ ಅಜ್ಜ. ಅವನ ಹಿಂದೆ ಕಟ್ಟೆಯ ಮೇಲಿದ್ದವರೆಲ್ಲ ಬಂದರು, ಅವರನ್ನು ನೋಡಿ ಬಾವಿಯ ಹತ್ತಿರ ಇದ್ದವರೂ ಬಂದರು. ಅಜ್ಜ ಎಲ್ಲವನ್ನೂ ಕೇಳಿ, ಸುಸಲಾದ ತಾಟೊಂದನ್ನು ತನ್ನ ಕಡೆಗೆ ಎಳೆದುಕೊಂಡು, ತಿನ್ನುತ್ತಲೇ ಹೇಳಿದ.

"ಇದರಾಗ ಏನೈತಿ? ಭಾಳ ದೂರದ ದೇವರಿಗೆ ಹೋಗಾಕ ಆಗದವರಿಗೆ ಪಾದಗಟ್ಟಿ ಇಲ್ಲೇನು? ಜಪಾನ್ ದೇವರದೊಂದು ಪಾದಗಟ್ಟಿ ಮಾಡ್ರಿ. ಅಲ್ಲೇ ಘಂಟಿ ಬಾರಿಸಲಿ."

ಪಾದಗಟ್ಟೆ ನಮ್ಮ ಕಡೆಗೆ ಹೊಸದಲ್ಲ. ಗುಡ್ಡ ಹತ್ತಲಾಗದವರು, ದೂರ ನಡೆಯಲಾಗದವರು ದೇವರಿರುವ ದಿಕ್ಕಿಗೆ ಊರ ಹೊರಗೊಂದು ಕಲ್ಲು ಇಟ್ಟುಕೊಂಡು ಅಲ್ಲಿಂದಲೇ ಕೈಮುಗಿಯುತ್ತಾರೆ. ದೇವರಿಗೂ ಅದು ಒಪ್ಪಿಗೆ. ಆದರೆ ಜಪಾನ್ ದೇವರ ಪಾದಗಟ್ಟೆ ಎಂದರೆ ಜತ್ತ ತಾಲೂಕಿನಲ್ಲಿ ಎಲ್ಲಿಯೂ ಇಲ್ಲ. ಈ ಮಾತು ಹೊಳೆದದ್ದೇ ತಡ, ನೆರೆದವರಿಗೆಲ್ಲ ಮೈಯಲ್ಲಿ ಹುರುಪು ಬಂತು. ಮುಚ್ಚಂಡಿಯಲ್ಲಿ ಇಲ್ಲದ್ದು, ದರಿಬಡಚಿಯಲ್ಲಿ ಇಲ್ಲದ್ದು, ತಮ್ಮ ಸನಮಡಿಯಲ್ಲಿ ಆಗುತ್ತದೆಂದರೆ ಯಾರು ಬಿಟ್ಟಾರು?

ಕಾಳವ್ವ ಅಜ್ಜನ ಕಡೆಗೆ ತಿರುಗಿದಳು. "ಆಗಲಿ. ಆದರ ಅಲ್ಲಿ ಹೆಂಗ ಐತೋ ಹಂಗ ಇರಬೇಕು. ಅಲ್ಲಿ ಹೆಂಗ ಮಾಡ್ತಾರೋ ಹಂಗ ಮಾಡಬೇಕು. ಇವತ್ತ ಬರೋಬ್ಬರಿ ಆತಂದ್ರ ಇವತ್ತ ಸಕ್ಕರಿ ತಿಂತೀವಿ."

ಬಸಗೊಂಡನಿಗೆ ಹೋದ ಜೀವ ಬಂದಂತಾಯಿತು. ದಿಲಾವರ ಹೇಳಿದ್ದಷ್ಟೂ ನೆನಪಿದೆ, ಸಂಜೆಯೊಳಗೆ ಪಾರಾಗಬಹುದು ಎಂದುಕೊಂಡು ಎದ್ದ.

ಊರಿನ ಮೂಡಣಕ್ಕೆ ಒಂದು ಕಲ್ಲುಗುಡ್ಡವಿದೆ. ಜಪಾನ್ ಮೂಡಣದಲ್ಲಿಯೇ ಇರುವುದರಿಂದ ಅದೇ ಸರಿ ಎಂದು ಅಜ್ಜ ತೀರ್ಪು ಕೊಟ್ಟ. ಅಪ್ಪಾಸಾಬ ತನ್ನ ದನದ ಕೊಟ್ಟಿಗೆಗೆ ತಂದಿಟ್ಟ ಬೇವಿನ ಕಂಬಗಳನ್ನು ಹೆಗಲ ಮೇಲೆ ಹೊರಿಸಿಕೊಂಡು ಬಂದ. ಎರಡು ಕಂಬ ನಿಲ್ಲಿಸಿ, ಮೇಲೆ ಎರಡು ಅಡ್ಡಕ್ಕೆ ಬಿಗಿದು, ಮನೆಯ ಗೋಡೆಗೆ ಬಳಿಯುವ ಕೆಂಪು ಮಣ್ಣು ಕಲಸಿ ಬಳಿದರು. ಬಾವಿಯ ಹಗ್ಗ ಬಂತು. ಎತ್ತಿನ ಕೊರಳಿನ ಗಂಟೆ ಬಂತು. ಶಿವಲಿಂಗವ್ವ ತನ್ನ ಕಟ್ಟಿಗೆಯ ಸೌಟನ್ನು ಕೊಟ್ಟಳು, ಸಂಜೆ ಸಾರಿಗೆ ಬೇಕು ಎಂದೂ ಹೇಳಿದಳು.

"ಮತ್ತ ಏನಿರತೈತಿ ಅಲ್ಲಿ?" ಎಂದು ಕಾಳವ್ವ ಕೇಳಿದಳು.

"ಎರಡು ನರಿ ಇರತಾವ್ರಿ."

"ನರಿ?" ಎಂದು ಕಂಬಕ್ಕೆ ಮಣ್ಣು ಬಳಿಯುತ್ತಿದ್ದವರು ಕೈ ನಿಲ್ಲಿಸಿದರು.

ಗುರುಲಿಂಗಪ್ಪಜ್ಜ ನಡುವೆ ಬಂದ. "ಯಾಕ ಬೆರಗಾಗ್ತೀರಿ? ಮುಂಜಾನೆ ನರಿ ಮುಖಾ ನೋಡಿದ್ರ ಚಲೋ ಆಗತೈತಿ ಅಂತ ನಾವೂ ಅಂತೀವಲ್ಲ. ಅವರು ದಿನಾ ನೋಡೂಣು ಅಂತ ಕಲ್ಲಿಲೆ ಮಾಡಿ ಇಟ್ಕೊಂಡಾರ. ಶಾಣ್ಯಾ ಮಂದಿ."

ಕಲ್ಲಿನ ನರಿ ಸಿಗುವಂತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಚಂದದ ಎತ್ತು ಮಾಡುವ ಯಲ್ಲವ್ವನಿಗೆ ಮಣ್ಣು ಕೊಟ್ಟು ಕೂಡಿಸಿದರು. ಅವಳ ಕೈಗೆ ಎತ್ತು ಮಾಡಿಯೇ ರೂಢಿ. ನರಿಗೆ ಎಷ್ಟು ತಿದ್ದಿದರೂ ಬೆನ್ನ ಮೇಲೆ ಎತ್ತಿನ ಡುಬ್ಬದಂಥ ಹಿಣಿಲೊಂದು ಎದ್ದೇ ಏಳುತ್ತಿತ್ತು. ಕೊನೆಗೆ ಆದದ್ದನ್ನು ತಂದು ಕಂಬದ ಎಡಬಲಕ್ಕೆ ಇಟ್ಟು ಕೊರಳಿಗೆ ಕೆಂಪು ಅರಿವೆ ಸುತ್ತಿದರು. ಕಾಳವ್ವ ಸುತ್ತು ಹಾಕಿ ನೋಡಿದಳು.

"ಇದು ನರಿ ಹೌದೇನು?"

"ಜಪಾನಿನ ನರಿ ಹಿಂಗ ಇರತಾವ್ರಿ" ಎಂದ ಬಸಗೊಂಡ. ಜನ ಜಪಾನಿನ ನರಿಯನ್ನು ಮನಸ್ಸಿಟ್ಟು ನೋಡಿದರು.

ಇನ್ನು ನಡಿಗೆ. ಊರಿನಿಂದ ಗುಡ್ಡಕ್ಕೆ ಒಂದು ಕೂಗಿನ ದಾರಿ. ಬಸಗೊಂಡ ಹೊರಡಬೇಕೆನ್ನುವಷ್ಟರಲ್ಲಿ ಕಾಳವ್ವ ತಡೆದಳು.

"ನಿಂದರು. ಅಲ್ಲಿ ಮಧ್ಯಾನದ ಮಟಾ ನಡದಿದ್ಯಲ್ಲ? ಇದೆಂಥಾ ನಡಿಗಿ, ಅಂಗಳಾ ದಾಟಿಧಂಗ? ಊರ ಶೀಮಿ ಸುತ್ತ ಹಾಕಿ ಆ ಕಡಿಂದ ಹತ್ತು." ಬಸಗೊಂಡ ತಲೆಯಾಡಿಸಿದ. "ಕಾಲಾಗ ಏನಾರ ಹಾಕ್ಕೋತಾರೇನು ಅಲ್ಲಿ?"

ಜಪಾನಿನವರು ಗುಡ್ಡದ ಗುಡಿಗೆ ಹೋಗುವಾಗ ಕಾಲಿಗೆ ಹಾಕಿಕೊಳ್ಳುತ್ತಾರೋ ಇಲ್ಲವೋ ದಿಲಾವರ ಹೇಳಿರಲಿಲ್ಲ. ದೇವರ ವಿಷಯ, ಮೇಲಾಗಿ ಕೇಳುತ್ತಿರುವವಳು ಕಾಳವ್ವ. ಬಸಗೊಂಡನ ಬಾಯಿಂದ ತಾನಾಗಿಯೇ "ಬರಿಗಾಲ್ರಿ" ಎಂದು ಬಂದುಬಿಟ್ಟಿತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಸನಮಡಿಯ ಸೀಮೆ ಎಂದರೆ ಕಲ್ಲು ಮತ್ತು ಜಾಲಿ. ಮುಂದೆ ಬಸಗೊಂಡ, ಹಿಂದೆ ಅರ್ಧ ಊರು. ಮೊದಲ ಹೊಲದ ಬದುವಿನಲ್ಲಿಯೇ ಹಿಮ್ಮಡಿಗೆ ಮುಳ್ಳು ಮುರಿಯಿತು. ಕೀಳಲು ಬಗ್ಗಿದರೆ ಹಿಂದಿನಿಂದ ಕಾಳವ್ವ, "ನಿಲ್ಲಬ್ಯಾಡ, ನಡಿಗಿ ಮುರೀತೈತಿ" ಎಂದಳು. ಅವಳು ತಾನೂ ಚಪ್ಪಲಿ ಬಿಟ್ಟು ಬರುತ್ತಿದ್ದಳು. ಶ್ರೀಶೈಲದ ದಾರಿ ತುಳಿದ ಆ ಪಾದಗಳಿಗೆ ಜಾಲಿಮುಳ್ಳು ತಾನೇ ಅಂಜಿ ದಾರಿ ಬಿಡುತ್ತಿತ್ತೋ ಏನೋ. ಬಸಗೊಂಡನಿಗೆ ಮಾತ್ರ ಬಿಡಲಿಲ್ಲ. ಅವನು ಕುಂಟಿದಾಗ ಜನ ಅದನ್ನೂ ಜಪಾನಿನ ಪದ್ಧತಿ ಎಂದುಕೊಂಡು ಒಬ್ಬಿಬ್ಬರು ಹಾಗೆಯೇ ಕುಂಟಿದರು. ದಾರಿಯುದ್ದಕ್ಕೂ ಅಪ್ಪಾಸಾಬ ಎದುರು ಸಿಕ್ಕ ಹೊಲದವರಿಗೆಲ್ಲ ಕೂಗಿ ಹೇಳುತ್ತಿದ್ದ, ಅವರು ಕೈಯಲ್ಲಿದ್ದ ಕುಡುಗೋಲು ಬಿಟ್ಟು ಬಂದು ಸೇರಿಕೊಳ್ಳುತ್ತಿದ್ದರು. ಅಣ್ಣಾರಾಯ ಮಾತಾಡದೆ ಪಕ್ಕದಲ್ಲಿ ನಡೆಯುತ್ತ ಬಸಗೊಂಡನ ಕಾಲನ್ನೇ ನೋಡುತ್ತಿದ್ದ.

ಹೊತ್ತು ಇಳಿಯುವ ಹೊತ್ತಿಗೆ ಗುಡ್ಡ ಹತ್ತಿದರು. ಒಪ್ಪಲೇಬೇಕು, ಬಿಸಿಲಿನಲ್ಲಿ ಆ ಕೆಂಪು ಬಾಗಿಲು ಚಂದ ಕಾಣುತ್ತಿತ್ತು. ಹಿಂದೆ ಗೋಡೆ ಇಲ್ಲ, ಮನೆ ಇಲ್ಲ, ಬರೀ ಆಕಾಶ. ನೋಡಿದ ಜನ ಕೈ ಎತ್ತಿ ಮುಗಿದರು. ಬಸಗೊಂಡನಿಗೂ ಏನೋ ಒಂದು ಆಯಿತು. ಅಲ್ಲಿಗೆ ಹೋಗಿದ್ದರೆ ಎಷ್ಟು ಚಲೋ ಇತ್ತು, ಒಂದು ರವಿವಾರ ಬಟಾಟಿ ಬಿಟ್ಟು ಎದ್ದು ಹೋಗಬಹುದಾಗಿತ್ತಲ್ಲ ಎಂದು ಅವನಿಗೆ ಮೊದಲ ಸಲ ಖರೇನೇ ಅನ್ನಿಸಿತು.

ಸೌಟಿನಿಂದ ನೀರು ಹಾಕಿಕೊಂಡು ಕೈ ತೊಳೆದ, ಬಾಯಿ ಮುಕ್ಕಳಿಸಿದ. ಹಗ್ಗ ಜಗ್ಗಿದ. ಎತ್ತಿನ ಗಂಟೆ ಗಣಗಣ ಎಂದಿತು. ಗುಡ್ಡದ ಕೆಳಗೆ ಮೇಯುತ್ತಿದ್ದ ಅದರ ಒಡೆಯ ಎತ್ತು ತಲೆಯೆತ್ತಿ ನೋಡಿತು. ಬಗ್ಗಿ ನಮಸ್ಕಾರ ಮಾಡಿ ಚಪ್ಪಾಳೆ ತಟ್ಟಿದ. ಹಿಂದಿದ್ದ ಜನವೆಲ್ಲ ಒಮ್ಮೆಗೇ ಚಪ್ಪಾಳೆ ತಟ್ಟಿತು. ಆಮೇಲೆ ತಡೆಯುವವರೇ ಇಲ್ಲ. ಹೆಂಗಸರು ಮುಂದೆ ನುಗ್ಗಿ ಸೌಟಿಗೆ ಕೈಹಾಕಿದರು. ಯಲ್ಲವ್ವ ತಾನು ಮಾಡಿದ ನರಿಗೇ ಅಡ್ಡಬಿದ್ದು ಎಮ್ಮೆ ಗಬ್ಬವಾಗಲಿ ಎಂದು ಬೇಡಿಕೊಂಡಳು. ಗುರುಲಿಂಗಪ್ಪಜ್ಜ ಬಾಯಿ ಮುಕ್ಕಳಿಸಿ, ಈ ದೇವರಿಗೆ ಶುಚಿತ್ವ ಭಾಳ ಎಂದು ಹೊಗಳಿದ.

"ಆತಲ್ರಿ ಅಕ್ಕಾರ?" ಎಂದ ಅಪ್ಪಾಸಾಬ. ಶಿವಲಿಂಗವ್ವ ಸಕ್ಕರೆಯ ತಾಟು ಹಿಡಿದು ಆಗಲೇ ಪಕ್ಕದಲ್ಲಿ ನಿಂತಿದ್ದಳು. ಕಾಳವ್ವನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಸಡಿಲಾಯಿತು. ಅವಳ ಕೈ ತಾಟಿನ ಕಡೆಗೆ ಚಾಚಿತು.

"ಒಂದ ನಿಮಿಷ ತಡೀರಿ" ಎಂದ ಅಪ್ಪಾಸಾಬ. 

ಈ ಮನುಷ್ಯ ಸಹಾಯ ಮಾಡದೆ ಇದ್ದಿದ್ದರೆ ಎಷ್ಟು ಜನ ಸುಖವಾಗಿರುತ್ತಿದ್ದರೋ. "ನಿಮ್ಮ ಮನಸಿನ್ಯಾಗ ಎಳ್ಳಷ್ಟೂ ಸಂಶಯಾ ಉಳೀಬಾರದ್ರಿ. ಸಾಕ್ಷಿದಾರನ್ನ ಕರಸೀನಿ. ಇವನ ಜೋಡಿ ಜಪಾನಿನ್ಯಾಗ ಇದ್ದಾಂವ. ಬಳಿ ಮಾರಾಕ ಊರಿಗೆ ಬಂದಿದ್ದ, ಹೇಳಿ ಕಳಿಸೀನಿ. ಅಗಾ, ಬಂದ."

ಬಳೆಯ ಗಂಟನ್ನು ಹೆಗಲ ಮೇಲೆ ಹೊತ್ತು ದಿಲಾವರ ಗುಡ್ಡ ಹತ್ತಿ ಬರುತ್ತಿದ್ದ.

ಗುಡಿಗೆ ಹೋದವನು ಬಸಗೊಂಡನಲ್ಲ ಎಂದು ಗೊತ್ತಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ. ನಾನು ಹೋಗಿದ್ದೆ, ಇವನು ಬಟಾಟಿ ಸುಲಿಯುತ್ತಿದ್ದ ಎಂದು ದಿಲಾವರ ಒಂದು ಮಾತು ಹೇಳಿದರೆ ಮುಗಿಯಿತು. ಮಾತಾಡಲು ಹೋದರೆ ಕಾಳವ್ವ ನಡುವೆ ನಿಂತಿದ್ದಾಳೆ. ಆಗ ಬಸಗೊಂಡನ ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ಪಲ್ಟನ್ನಿನಲ್ಲಿ ಅವರಿಬ್ಬರಿಗೂ ಒಂದು ಗುಟ್ಟಿನ ಸನ್ನೆ ಇತ್ತು. ಹವಾಲ್ದಾರ ಯಾವುದಾದರೂ ಕೆಟ್ಟ ಕೆಲಸಕ್ಕೆ ಹಿಡಿದಾಗ ಒಬ್ಬ ಎಡಗಿವಿ ತುರಿಸಿಕೊಂಡರೆ, ಇನ್ನೊಬ್ಬ ಬಂದು ಏನಾದರೂ ನೆವ ಹೇಳಿ ಅವನನ್ನು ಬಿಡಿಸಬೇಕು. ಬಸಗೊಂಡ ಕಿವಿ ಕೆಂಪಾಗುವಂತೆ ತುರಿಸಿಕೊಂಡ.

ದಿಲಾವರ ಸನ್ನೆಯನ್ನು ನೋಡಿದ. ಗೆಳೆಯನ ಬೆವರು ನೋಡಿದ, ರಕ್ತ ಒಸರುವ ಕಾಲು ನೋಡಿದ, ಸುತ್ತ ಮುತ್ತಿದ ಜನ ನೋಡಿದ, ತಾಯಿಯ ಕೈಯಲ್ಲಿನ ಸಕ್ಕರೆ ತಾಟು ನೋಡಿದ. ಅವನ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಬಂತು. ಬಸಗೊಂಡ ಉಸಿರು ಬಿಟ್ಟ.

"ಬಾ ತಮ್ಮಾ" ಎಂದಳು ಕಾಳವ್ವ. "ನೀನೂ ಅಲ್ಲಿ ಇದ್ದಿ ಅಂತ. ಇಂವಾ ದೇವರಿಗೆ ಹೋಗಿದ್ದು ಖರೇನ?"

"ಖರೇ ಅಂದ್ರ ಖರೇರಿ, ಅವ್ವಾರ" ಎಂದ ದಿಲಾವರ, ಕಣ್ಣು ಮಿಟುಕಿಸದೆ. "ನನ್ನ ಕಣ್ಣ ಮುಂದ ಹ್ವಾದ. ಎಷ್ಟ ಭಕ್ತಿ ಅಂತೀರಿ, ಪೂರಾ ಗುಡ್ಡಾ ಬರಿಗಾಲಿಲೆ ಹತ್ತಿದ."

ಬಸಗೊಂಡನಿಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಕಾಳವ್ವ ಮುಂದೆ ಕೇಳಿದಳು. "ಹಂಗಂದ್ರ ಈ ಪಾದಗಟ್ಟಿಗೆ ಹರಕಿ ತೀರಿಧಂಗ ಆತಲ್ಲ?"

ದಿಲಾವರ ಬಳೆಯ ಗಂಟನ್ನು ಕೆಳಗಿಟ್ಟು ಕೆಂಪು ಕಂಬ ಮುಟ್ಟಿದ, ನರಿಗಳನ್ನು ಬಗ್ಗಿ ನೋಡಿದ, ನಿಟ್ಟುಸಿರು ಬಿಟ್ಟ.

"ಗುಡಿ ಬರೋಬ್ಬರಿ ಐತ್ರಿ. ಆದರ ಆ ದೇವರು ಭಾಳ ಕಡಕ್. ಪಾದಗಟ್ಟಿ ನಡಿಯಂಗಿಲ್ರಿ ಅದಕ್ಕ. ಬೇಡಿಕೊಂಡಾಂವ ಸ್ವತಃ ಜಪಾನಿಗೆ ಹೋಗಬೇಕು, ನಡಕೋತನ ಗುಡ್ಡಾ ಹತ್ತಬೇಕು. ಅಲ್ಲೀ ಮಟಾ ಮದುವಿ ಪದುವಿ ಏನೂ ಮಾಡಬಾರದು. ಮಾಡಿದ್ರ ಹೆಣ್ಣಿನ ಕಡಿಯವರಿಗೆ ಚಲೋ ಆಗೂದಿಲ್ರಿ."

ಹೇಳಿ ಮುಗಿಸಿ, ಹೇಗೆ ಬಿಡಿಸಿದೆ ನೋಡು ಎಂಬಂತೆ ಬಸಗೊಂಡನಿಗೆ ಸಣ್ಣಗೆ ಕಣ್ಣು ಹೊಡೆದ. ಕಾಳವ್ವನ ಕೈ ಸಕ್ಕರೆಯಿಂದ ಹಿಂದೆ ಬಂತು.

ಇನ್ನು ಬಸಗೊಂಡನಿಗೆ ತಡೆಯಲಾಗಲಿಲ್ಲ. ಸುಳ್ಳನೆಂದು ಬೈಯಲಿ, ಹೊಡೆಯಲಿ, ಖರೆ ಹೇಳಿದ ಮೇಲಾದರೂ ಒಂದು ದಾರಿ ಇದ್ದೀತು ಎಂದು ಅಣ್ಣಾರಾಯನ ಕಾಲಿಗೆ ಬಿದ್ದ.

"ಮಾವಾರ, ನಾ ಹೋಗೇ ಇಲ್ರಿ. ಆ ದೇವರ ಮುಖಾನೂ ನೋಡಿಲ್ಲ, ಹರಕಿನೂ ಬೇಡಿಕೊಂಡಿಲ್ಲ. ನಾ ಅಲ್ಲಿ ಬಟಾಟಿ ಸುಲೀತಿದ್ದೆ. ನಿಮ್ಮ ಮಗಳ ಸಲುವಾಗಿ ಮುಂಜಾನಿಂದ ಬಾಯಿ ಮುಚಗೊಂಡಿದ್ದೆ. ಈಗ ಖರೇ ಹೇಳೀನಿ, ಏನ ಬೇಕಾದ್ರೂ ಮಾಡ್ರಿ."

ಅಣ್ಣಾರಾಯ ಅವನ ರಟ್ಟೆ ಹಿಡಿದು ಎಬ್ಬಿಸಿದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು ಇದು.

"ದೇವರ ಎದುರಿಗೆ ನಿಂತು ದೇವರನ್ನ ಇಲ್ಲ ಅನಬ್ಯಾಡ, ಹುಡುಗಾ. ಮುಂಜಾನಿಂದ ನಿನ್ನ ಕಾಲ ನೋಡಕೋತ ಬಂದೀನಿ. ಸುಳ್ಳ ಹೇಳಾಂವ ಇಷ್ಟು ಮುಳ್ಳ ತುಳಿಯಂಗಿಲ್ಲ. ನಮ್ಮ ಸಾವಿತ್ರಿ ಮ್ಯಾಲಿನ ಮನಸಿಗೆ ಹಿಂಗ ಅಂದಿ, ತಿಳೀತು ನನಗ." ಅವನ ಕಣ್ಣಲ್ಲಿ ನೀರು ಬಂದಿತ್ತು. "ಹೆಣ್ಣು ನಿನಗ ಕೊಡತೀನಿ. ಬ್ಯಾರೆದವರಿಗೆ ಕೊಡಂಗಿಲ್ಲ, ಇದು ನನ್ನ ಮಾತು. ನೀ ಜಪಾನಿಗೆ ಹೋಗಿ ಹರಕಿ ಮುಟ್ಟಿಸಿ ಬಂದ ದಿವಸ ಮದುವಿ ಅಕ್ಕಿಕಾಳು."

"ಇವನೊಬ್ಬನ್ನ ಯಾಕ ಕಳಸ್ತಿ?" ಎಂದಳು ಕಾಳವ್ವ. ಅವಳ ಮುಖ ಕೆಂಪಗೆ ಹೊಳೆಯುತ್ತಿತ್ತು. "ನಾನೂ ಬರ್ತೀನಿ. ಶ್ರೀಶೈಲದ ದಾರ್ಯಾಗ ಕಲ್ಲ ಕಲ್ಲೂ ನನಗ ಗೊತ್ತಾಗ್ಯಾವು. ಒಂದು ಹೊಸಾ ದೇವರು ನೋಡಿ ಸಾಯೂಣು."

ಆ ಮಾತಿಗೆ ಜನ ಹುಚ್ಚೆದ್ದು ಹೋಯಿತು. ನಾನು, ನಾನು ಎಂದು ಕೈಗಳು ಎದ್ದವು. ಯಲ್ಲವ್ವ ದಾರಿಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಬೇಕೆಂದು ಗಟ್ಟಿಯಾಗಿ ಯೋಚಿಸತೊಡಗಿದಳು. ಅಪ್ಪಾಸಾಬ ಎಲ್ಲ ವ್ಯವಸ್ಥೆ ತನ್ನದೇ ಎಂದು ಘೋಷಿಸಿದ. ಒಬ್ಬ ಮಾತ್ರ ಹಿಂದಿನಿಂದ, "ನಡುವ ಸಮುದ್ರ ಐತಂತಲ್ರಿ. ಹಡಗ ಹತ್ತಿದ್ರ ನಡಿಗಿ ಮುರಿಯೂದಿಲ್ಲೇನು?" ಎಂದು ಕೇಳಿದ. ಗುರುಲಿಂಗಪ್ಪಜ್ಜ ಅದನ್ನೂ ಅಲ್ಲಿಯೇ ಬಿಡಿಸಿದ. "ಹಡಗದಾಗ ಕುಂದರಬಾರದು. ಅಲ್ಲೀ ಮಟಾ ಅದರ ಮ್ಯಾಲ ನಡದಾಡಕೋತ ಇರಬೇಕು. ನಡಿಗಿ ಎಣಿಕಿಗೆ ಬರತೈತಿ."

ಈ ಗದ್ದಲದಲ್ಲಿ ದಿಲಾವರ ಬಸಗೊಂಡನನ್ನು ಕಂಬದ ಹಿಂದೆ ಎಳೆದುಕೊಂಡ.

"ಏನ ದೋಸ್ತ, ಹೆಂಗ ಬಿಡಿಸಿದೆ? ಹಿಡದು ಮದುವಿ ಮಾಡಾಕ ನಿಂತಿದ್ರಲ್ಲ ನಿನಗ."

"ಯಪ್ಪಾ, ಮದುವಿ ನನಗ ಬೇಕಾಗಿತ್ತೋ" ಎಂದ ಬಸಗೊಂಡ. "ಆ ಹುಡಿಗಿ ಬಿಟ್ರ ನನಗ ಜಗತ್ತಿನ್ಯಾಗ ಮತ್ತೇನೂ ಬ್ಯಾಡಾಗಿತ್ತು. ನಿನ್ನ ಬಾಯಿ ಮುಚ್ಚಿಸಾಕ ಕಿವಿ ತುರಿಸಿಕೊಂಡೆ."

ದಿಲಾವರ ತನ್ನ ಕಿವಿ ತಾನೇ ಹಿಂಡಿಕೊಂಡ. "ತಪ್ಪಾತು ದೋಸ್ತ" ಎಂದ.

"ಆಗಿದ್ದು ಆತು. ಇನ್ನ ನೀನ ನನಗ ದಿಕ್ಕು. ಅಲ್ಲಿ ಹೋದ ಮ್ಯಾಲೆ ಯಾವ ದಾರಿ, ಯಾವ ಗುಡ್ಡ, ನನಗೇನೂ ಗೊತ್ತಿಲ್ಲ. ನೀ ನಡದು ಹೋಗಿ ನೋಡಿ ಬಂದಾಂವ. ಜೋಡಿ ಬಂದು ದಾರಿ ತೋರಸು. ಹೆಂಗಾರ ಮಾಡಿ ಘಂಟಿ ಬಾರಿಸಿ ಬರೂಣು. ಸಾವಿತ್ರಿ ಸಲುವಾಗಿ ಜಪಾನಿಗೂ ನಡೀತೀನಿ."

ದಿಲಾವರ ಕೆಳಗೆ ಕೂತು ಬಳೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

"ನಾ ಎಲ್ಲಿ ಹೋಗೀನಿ, ಬಸಗೊಂಡಾ?" ಎಂದ. "ಆವತ್ತ ರವಿವಾರ ಲಾರಿ ಕೆಳಗ ನೆರಳಿಗೆ ಮಲಗಿದ್ದೆ. ಎದ್ದ ಮ್ಯಾಲೆ ನಮ್ಮ ಪಲ್ಟನ್ನಿನ ಹಜಾಮ ಆ ಕತಿ ಹೇಳಿದ. ಭಾಳ ಚಲೋ ಹೇಳಿದ್ದ. ಅದಕ್ಕ ನಾನ ಹೋಗಿ ಬಂಧಂಗ ನಿನಗ ಹೇಳಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಅತ್ತ ಗುರುಲಿಂಗಪ್ಪಜ್ಜ ಇಂದು ದಿನ ಚಲೋ ಇದೆ, ಶಾಸ್ತ್ರಕ್ಕೆ ನಾಲ್ಕು ಹೆಜ್ಜೆ ಮೂಡಣಕ್ಕೆ ಇಟ್ಟು ಪ್ರಸ್ಥಾನ ಮಾಡಿಬಿಡೋಣ ಎಂದಿದ್ದ. ಊರಿಗೆ ಊರೇ ಸಾಲುಗಟ್ಟಿ ಆ ಕಡೆಗೆ ಮುಖ ಮಾಡಿ ನಿಂತಿತ್ತು. ಶಿವಲಿಂಗವ್ವ ತನ್ನ ಸೌಟನ್ನು ಹುಡುಕುತ್ತಿದ್ದಳು. ಎಲ್ಲರಿಗಿಂತ ಮುಂದೆ ಸೆರಗು ಬಿಗಿದು ನಿಂತ ಕಾಳವ್ವ ತಿರುಗಿ ಕೂಗಿದಳು.

"ಅಲ್ಲೇನ ಮಾಡ್ತೀರ್ಯೋ ಇಬ್ಬರೂ? ಮುಂದ ಬಂದು ನಡೀರಿ. ದಾರಿ ಗೊತ್ತಿದ್ದವರು ಇಡೀ ಊರಾಗ ನೀವಿಬ್ಬರ."